ಪಿಂಚಣಿ ಬೇಡವೆಂದ ಸಂಸದ

ಧನಬಾದ್ ಕಲ್ಲಿದ್ದಲಿನ ಊರು. 1970ರ ದಶಕದಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡರೂ ಗುತ್ತಿಗೆದಾರರ, ಬಡ್ಡಿಕೋರರ ಹಿಡಿತ ಮಾತ್ರ ಸಡಿಲಲಿಲ್ಲ. ಸಂಬಳದ ದಿನ ಬಡ್ಡಿಯವರು ಗಣಿಯ ಬಾಗಿಲಲ್ಲೇ ಕಾದಿರುತ್ತಿದ್ದರು. ಕಾರ್ಮಿಕ ಕೂಲಿ ಹಿಡಿದು ಮನೆ ಸೇರುವ ಮೊದಲೇ ಅದರಲ್ಲೊಂದು ಪಾಲು ಅವರ ಜೇಬಿಗೆ ಹೋಗುತ್ತಿತ್ತು. ಈ ಜನರನ್ನು ಎದುರು ಹಾಕಿಕೊಂಡು ಸಂಘ ಕಟ್ಟಿದವರು ಎ.ಕೆ. ರಾಯ್.

ರಾಯ್ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಓದಿದ ಕೆಮಿಕಲ್ ಎಂಜಿನಿಯರ್. ಧನಬಾದ್ ಬಳಿಯ ಸಿಂದ್ರಿಯಲ್ಲಿ ಒಳ್ಳೆಯ ಸರ್ಕಾರಿ ನೌಕರಿಯಿತ್ತು. ಚಳವಳಿಯೊಂದರ ಪರ ನಿಂತದ್ದಕ್ಕೆ ಅದು ಹೋಯಿತು. 1967ರಲ್ಲಿ ಅದೇ ಸಿಂದ್ರಿಯ ಜನ ಅವರನ್ನು ಬಿಹಾರ ವಿಧಾನಸಭೆಗೆ ಕಳಿಸಿದರು. 1969, 1972ರಲ್ಲೂ ಕೈಬಿಡಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿದ ರಾಯ್, 1977ರಲ್ಲಿ ಒಳಗಿದ್ದುಕೊಂಡೇ ಧನಬಾದ್ ಲೋಕಸಭಾ ಕ್ಷೇತ್ರ ಗೆದ್ದರು. 1980, 1989ರಲ್ಲಿ ಮತ್ತೆ ಗೆದ್ದರು.

ಮೂರು ಸಲ ಶಾಸಕ, ಮೂರು ಸಲ ಸಂಸದ. ಆದರೂ ಪಕ್ಷದ ಕಚೇರಿಯ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಸಂಸದರ ವೇತನ, ಪಿಂಚಣಿ ಹೆಚ್ಚಳವನ್ನು ಸದನದಲ್ಲೇ ವಿರೋಧಿಸಿದರು. ತಮ್ಮ ಪಾಲಿಗೆ ಬಂದ ಪಿಂಚಣಿಯನ್ನೂ ಮುಟ್ಟಲಿಲ್ಲ. 2019ರ ಜುಲೈನಲ್ಲಿ ತೀರಿಕೊಂಡಾಗಲೂ ಅವರ ಬದುಕು ಹಾಗೆಯೇ ಇತ್ತು. ಎಲ್ಲ ಜನಪ್ರತಿನಿಧಿಗಳೂ ಚಾಪೆಯ ಮೇಲೆ ಮಲಗಲಿ ಎಂದು ನಾನು ಕೇಳುತ್ತಿಲ್ಲ. ಸಂಸಾರ ಇರುವವರಿಗೆ ಅದು ಆಗದ ಮಾತು, ರಾಯ್ ಮದುವೆಯಾದವರಲ್ಲ. ಆದರೆ ತನಗೆ ಮತ ಹಾಕಿದವನಿಗೆ ಇಲ್ಲದ ಸವಲತ್ತನ್ನು ತಾನೇ ಮಂಜೂರು ಮಾಡಿಕೊಳ್ಳುವಾಗ ಅವರಿಗಾದ ಸಂಕೋಚ ಉಳಿದವರಿಗೂ ಆಗಬೇಕಲ್ಲವೇ?

ನಮ್ಮ ಕರ್ನಾಟಕದಲ್ಲಿ 2025ರ ಮಾರ್ಚ್‌ನಲ್ಲಿ ಶಾಸಕರ ಮೂಲ ವೇತನ 40 ಸಾವಿರದಿಂದ 80 ಸಾವಿರ ರೂಪಾಯಿಗೆ ಏರಿತು. ವಿಧೇಯಕ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಪಾಸಾಯಿತು. ಅದೇ ಹೊತ್ತಿನಲ್ಲಿ ಖಾಸಗಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ, 2014ರಲ್ಲಿ ನಿಗದಿಯಾದದ್ದು. ಬಿಪಿ, ಶುಗರ್ ಮಾತ್ರೆಗೇ ಅದು ಸಾಲದು. ಅದನ್ನು ಏರಿಸುವುದು ಕೇಂದ್ರದ ಕೆಲಸ, ನಿಜ. ಆದರೆ ಏರಿಸಿ ಎಂದು ಒತ್ತಾಯಿಸಲು ನಮ್ಮ ವಿಧಾನಸಭೆಗೆ ಅಡ್ಡಿಯೇನು?

ಇನ್ನೊಮ್ಮೆ ವೇತನದ ವಿಧೇಯಕ ಬಂದರೆ ಧ್ವನಿಮತ ಬೇಡ. ಒಬ್ಬೊಬ್ಬರ ಹೆಸರು ಕರೆದು ಮತ ಹಾಕಿಸಿ. ನಮ್ಮ ಶಾಸಕರು ಏನೆಂದರು ಎಂಬುದು ನಮಗೂ ತಿಳಿಯಲಿ.