ಪಹಣಿ ಇಲ್ಲದ ದೇವರು

ಧರ್ಮಸ್ವಾತಂತ್ರ್ಯದ ಮಾತು ಬಂದರೆ ಸಾಕು, ನಮ್ಮ ವಿದ್ಯಾವಂತರ ಬೆರಳು ಅಮೆರಿಕಾದ ಕಡೆ ತಿರುಗುತ್ತದೆ. ಸೆಮಿನಾರುಗಳಲ್ಲಿ ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿದೆ. 1791ರಲ್ಲೇ ಅವರು ಸಂವಿಧಾನಕ್ಕೆ ಮೊದಲನೇ ತಿದ್ದುಪಡಿ ತಂದರು, ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಕೂಡದು, ಯಾರ ಆಚರಣೆಗೂ ಅಡ್ಡ ಬರಕೂಡದು ಎಂದು ಬರೆದರು ಅಂತ. ಬಹುಪಾಲು ಕ್ರೈಸ್ತರೇ ಇರುವ ದೇಶದಲ್ಲಿ ಯಹೂದಿಗೂ ಜಾಗವಿದೆ, ಮುಸಲ್ಮಾನನಿಗೂ ಜಾಗವಿದೆ, ಇಲ್ಲಿಂದ ಹೋದ ಮೇಲ್ಜಾತಿಯವರು ಡಾಲರ್ ಸುರಿದು ಕಟ್ಟಿದ ಗೋಪುರಗಳಿಗೂ ಜಾಗವಿದೆ. ಸುಳ್ಳೇನಲ್ಲ. ಆದರೆ ಗೆಳೆಯರೇ, ಇವರೆಲ್ಲ ಅಲ್ಲಿಗೆ ಹೊರಗಿನಿಂದ ಬಂದವರು. ಮೊದಲೇ ಅಲ್ಲಿದ್ದವರ ದೇವರುಗಳು ಎಲ್ಲಿ ಹೋದವು? ಇದನ್ನು ಮಾತ್ರ ಯಾವ ಸೆಮಿನಾರಿನಲ್ಲೂ ಯಾರೂ ಕೇಳಿದ್ದನ್ನು ನಾವು ಕಾಣೆವು.

ಅವರಿಗೆ ಇಂಡಿಯನ್ನರು ಎಂಬ ಹೆಸರು ಇಟ್ಟವನು ಕೊಲಂಬಸ್. ದಾರಿ ತಪ್ಪಿ ಬಂದವನು ಇಟ್ಟ ಹೆಸರು ಐನೂರು ವರ್ಷ ಕಳೆದರೂ ಸರ್ಕಾರದ ಕಾಗದಪತ್ರದಲ್ಲಿ ಹಾಗೇ ಕೂತಿದೆ. ಹೆಸರಿಡುವ ಅಧಿಕಾರ ಯಾರ ಕೈಲಿರುತ್ತೆ ಅನ್ನೋದು ನಮಗೂ ಗೊತ್ತಿರುವ ಕಥೆಯೇ. ನಾವು ಅವರನ್ನು ಮೂಲನಿವಾಸಿಗಳು ಅಂತಲೇ ಕರೆಯುತ್ತೇವೆ. ಇವರ ಭೂಮಿ ಕಿತ್ತುಕೊಂಡು, ಇವರನ್ನು ಸಣ್ಣ ಸಣ್ಣ ಮೀಸಲು ಪ್ರದೇಶಗಳಿಗೆ ತಳ್ಳಲಾಯಿತು. (ಮೀಸಲು ಎಂಬ ಮಾತು ನಮಗೆ ಹಕ್ಕು, ಅವರಿಗೆ ಬೇಲಿ.) 1869ರಿಂದಾಚೆಗೆ ಅಧ್ಯಕ್ಷ ಗ್ರಾಂಟ್ ಈ ಪ್ರದೇಶಗಳ ಉಸ್ತುವಾರಿಯನ್ನು ಕ್ರೈಸ್ತ ಪಂಗಡಗಳಿಗೆ ಹಂಚಿಕೊಟ್ಟ. ಇದು ಕ್ವೇಕರರಿಗೆ, ಅದು ಮೆಥಡಿಸ್ಟರಿಗೆ, ಇನ್ನೊಂದು ಕ್ಯಾಥೊಲಿಕ್ಕರಿಗೆ. ಹಬ್ಬದಲ್ಲಿ ಬಾಡು ಪಾಲು ಹಾಕಿದ ಹಾಗೆ. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಕೂಡದು ಎಂಬ ವಾಕ್ಯ ಆಗಲೂ ಸಂವಿಧಾನದಲ್ಲಿತ್ತು.

1883ರಲ್ಲಿ, ಆ ವಾಕ್ಯಕ್ಕೆ 92 ವರ್ಷ ತುಂಬಿದ್ದಾಗ, ಒಳಾಡಳಿತ ಖಾತೆಯ ಹೆನ್ರಿ ಟೆಲ್ಲರ್ ಎಂಬಾತನ ಒತ್ತಾಯದ ಮೇಲೆ 'ಇಂಡಿಯನ್ ಅಪರಾಧಗಳ ಕೋರ್ಟು'ಗಳು ಹುಟ್ಟಿದವು. ಅಪರಾಧ ಯಾವುದು? ಸೂರ್ಯನೃತ್ಯ ಅಪರಾಧ. ಮದ್ದು ಕೊಟ್ಟು ಮಂತ್ರ ಹಾಕುವ ಕುಲದ ಹಿರಿಯ ಅಪರಾಧಿ. ಕುಣಿದು ಸಿಕ್ಕಿಬಿದ್ದರೆ ಮೊದಲ ಸಲ ಹತ್ತು ದಿನದವರೆಗೆ ರೇಷನ್ ಬಂದ್. ಮತ್ತೆ ಕುಣಿದರೆ ಹದಿನೈದರಿಂದ ಮೂವತ್ತು ದಿನ ರೇಷನ್ ಬಂದ್, ಇಲ್ಲವೇ ಮೂವತ್ತು ದಿನದವರೆಗೆ ಜೈಲು. ರೇಷನ್ ನಿಂತರೆ ಏನಾಗುತ್ತೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಾಡೆಮ್ಮೆಯ ಹಿಂಡುಗಳನ್ನು ಗುಂಡಿಟ್ಟು ಮುಗಿಸಿ, ಬೇಟೆಯಾಡುವ ನೆಲ ಕಸಿದು, ಮುಷ್ಟಿ ಹಿಟ್ಟಿಗೆ ಕೈಯೊಡ್ಡುವ ಹಾಗೆ ಮಾಡಿದ ಮೇಲೆ ಆ ಹಿಟ್ಟನ್ನೇ ತೋರಿಸಿ ನಿನ್ನ ದೇವರನ್ನು ಬಿಡು ಅಂದರು. ಬಡವರು ಹಾಲಿನ ಪುಡಿಗೆ ಧರ್ಮ ಮಾರಿಕೊಂಡರು ಎಂದು ನಮ್ಮ ಕೇರಿಗಳ ಕಡೆ ನೋಡಿ ನಗುವ ಮಹನೀಯರು ಈ ಸಾಲನ್ನು ಇನ್ನೊಂದು ಸಲ ಓದಬೇಕು. ಹೊಟ್ಟೆ ಬರಿದು ಮಾಡಿದವನ ಹೆಸರು ಇವರ ನಗೆಯಲ್ಲಿ ಎಂದೂ ಬರುವುದಿಲ್ಲ.

1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ನಡೆದದ್ದು ಗೊತ್ತಿರುವ ವಿಷಯ. ಸತ್ತ ಹಿರಿಯರು ಮರಳಿ ಬರುತ್ತಾರೆ, ಕಾಡೆಮ್ಮೆಗಳು ಮರಳಿ ಬರುತ್ತವೆ ಎಂದು ನಂಬಿ ಲಕೋಟಾ ಜನ ಕುಣಿದರು. ಆ ಕುಣಿತಕ್ಕೇ ಸರ್ಕಾರ ಬೆಚ್ಚಿತು. ಹೆಂಗಸರು, ಮಕ್ಕಳು ಸೇರಿ ಇನ್ನೂರೈವತ್ತಕ್ಕೂ ಹೆಚ್ಚು ಜನರನ್ನು ಸೈನ್ಯ ಕೊಂದಿತು. ಕೊಂದ ಸೈನಿಕರಲ್ಲಿ ಇಪ್ಪತ್ತರಷ್ಟು ಮಂದಿಗೆ ದೇಶದ ಅತ್ಯುನ್ನತ ಶೌರ್ಯ ಪದಕ ಸಿಕ್ಕಿತು. ಆ ಪದಕಗಳನ್ನು ಹಿಂದಕ್ಕೆ ಪಡೆಯಬೇಕೆಂಬ ಬೇಡಿಕೆಗೆ 2025ರ ಸೆಪ್ಟೆಂಬರಿನಲ್ಲಿ ಉತ್ತರ ಬಂತು: ಇಲ್ಲ, ಅವು ಹಾಗೇ ಇರುತ್ತವೆ ಎಂದು ರಕ್ಷಣಾ ಖಾತೆಯ ಮುಖ್ಯಸ್ಥ ಪೀಟ್ ಹೆಗ್ಸೆತ್ ಘೋಷಿಸಿದ.

ಹಳ್ಳಿಯ ಮೇಷ್ಟ್ರುಗಳು ಗಮನಿಸಬೇಕಾದದ್ದು ಇನ್ನೊಂದಿದೆ. 1879ರಲ್ಲಿ ರಿಚರ್ಡ್ ಪ್ರಾಟ್ ಎಂಬ ಸೇನಾಧಿಕಾರಿ ಪೆನ್ಸಿಲ್ವೇನಿಯಾದ ಕಾರ್ಲೈಲಿನಲ್ಲಿ ಒಂದು ವಸತಿಶಾಲೆ ತೆರೆದ. ಒಳಗಿರುವ ಇಂಡಿಯನ್ನನನ್ನು ಕೊಂದು ಮನುಷ್ಯನನ್ನು ಉಳಿಸಬೇಕು, ಇದು ಅವನ ಶಿಕ್ಷಣತತ್ವ. ಮಕ್ಕಳನ್ನು ತಾಯಂದಿರಿಂದ ಬಿಡಿಸಿ ತಂದು ಮೊದಲು ಕೂದಲು ಕತ್ತರಿಸಿದರು. ಕೆಲವು ಕುಲಗಳಲ್ಲಿ ಸಾವಾದಾಗ ಮಾತ್ರ ಕೂದಲು ಕತ್ತರಿಸುವುದು. ಆ ಕೂಸುಗಳು ಯಾರು ಸತ್ತರೋ ಎಂದು ಅತ್ತವು. ಆಮೇಲೆ ಹೆಸರು ಕಿತ್ತರು, ನುಡಿ ಕಿತ್ತರು, ಭಾನುವಾರ ಸಾಲಾಗಿ ಪ್ರಾರ್ಥನೆಗೆ ನಿಲ್ಲಿಸಿದರು. ನಾವು ಹೆಬ್ಬೆಟ್ಟಿನ ಅಪ್ಪಂದಿರ ಮಕ್ಕಳು. ಸರ್ಕಾರಿ ಹಾಸ್ಟೆಲಿನ ಮುದ್ದೆ ತಿಂದು ಡಿಗ್ರಿ ಮಾಡಿದವರು. ಶಾಲೆ ಅಂದರೆ ಬಿಡುಗಡೆ ಅಂತಲೇ ನಂಬಿದವರು, ಈಗಲೂ ನಂಬುವವರು. ಅಂಥ ನಮಗೆ, ಶಾಲೆಯ ಹಿತ್ತಲಲ್ಲೇ ಮಕ್ಕಳ ಸ್ಮಶಾನ ಇತ್ತು ಅಂತ ಓದಿದಾಗ ಪುಸ್ತಕ ಮುಚ್ಚಿಡಬೇಕಾಯಿತು. ಅಲ್ಲಿನ ಸರ್ಕಾರವೇ 2024ರಲ್ಲಿ ಕೊಟ್ಟ ವರದಿ ಪ್ರಕಾರ ಇಂಥ 417 ಶಾಲೆಗಳಿದ್ದವು. ಕನಿಷ್ಠ 973 ಮಕ್ಕಳು ಸತ್ತರು. ಅದೇ ವರ್ಷ ಅಕ್ಟೋಬರಿನಲ್ಲಿ ಅಧ್ಯಕ್ಷ ಬೈಡನ್ ಕ್ಷಮೆ ಕೇಳಿದ.

"ಅದೆಲ್ಲ ಹಳೇ ಕಥೆ ಕಣ್ರಿ, ಆಮೇಲೆ ಕಾನೂನು ಬಂತಲ್ಲ" ಅನ್ನುವವರು ಇದ್ದಾರೆ. ಬಂತು. 1978ರಲ್ಲಿ ಅಮೆರಿಕನ್ ಇಂಡಿಯನ್ ಧರ್ಮಸ್ವಾತಂತ್ರ್ಯ ಕಾಯ್ದೆ ಬಂತು. ಸಂವಿಧಾನ ಎಲ್ಲರಿಗೂ ಕೊಟ್ಟಿದ್ದನ್ನು ಇವರಿಗೆ ಮಾತ್ರ 187 ವರ್ಷ ಆದಮೇಲೆ ಮತ್ತೆ ಬರೆದುಕೊಡಬೇಕಾಯಿತು ಎಂಬುದೇ ಒಂದು ಸಾಕ್ಷಿ. ಅದನ್ನು ಮಂಡಿಸಿದ ಸಂಸದ ಮಾರಿಸ್ ಉಡಾಲ್ ಸದನದಲ್ಲೇ ಸಮಾಧಾನ ಹೇಳಿದ: ಹೆದರಬೇಡಿ, ಈ ಮಸೂದೆಗೆ ಹಲ್ಲಿಲ್ಲ. ಹಲ್ಲಿಲ್ಲದ್ದು ಎಷ್ಟು ಅಂತ ಹತ್ತು ವರ್ಷದಲ್ಲಿ ಗೊತ್ತಾಯಿತು.

ಉತ್ತರ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಯುರೋಕ್, ಕಾರುಕ್, ಟೊಲೊವಾ ಕುಲಗಳ ಎತ್ತರದ ಪವಿತ್ರ ನೆಲವಿದೆ. ಮದ್ದು ಕೊಡುವವರು ಒಬ್ಬಂಟಿಯಾಗಿ ಹತ್ತಿಹೋಗಿ ಮೌನದಲ್ಲಿ ಕೂತು ಶಕ್ತಿ ಪಡೆದು ಬರುವ ಜಾಗ. ಅದರ ನಡುವೆ ಆರು ಮೈಲಿ ರಸ್ತೆ ಹಾಕಿ ಮರ ಸಾಗಿಸಲು ಅರಣ್ಯ ಇಲಾಖೆ ಹೊರಟಿತು. ಇಲಾಖೆಯೇ ಮಾಡಿಸಿದ ಅಧ್ಯಯನ 1979ರಲ್ಲಿ ರಸ್ತೆ ಬೇಡ ಎಂದಿತ್ತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1988ರಲ್ಲಿ ತೀರ್ಪು. ಕೋರ್ಟು ಏನು ಹೇಳಿತು ಅಂತೀರಿ? ಈ ರಸ್ತೆಯಿಂದ ನಿಮ್ಮ ಧರ್ಮ ಬಹುಪಾಲು ನಾಶವೇ ಆಗಬಹುದೆಂದು ಒಪ್ಪಿಕೊಂಡರೂ ನಾವೇನೂ ಮಾಡಲಾಗದು, ಯಾಕೆಂದರೆ ಭೂಮಿ ಸರ್ಕಾರದ್ದು. ನಿಮ್ಮ ನಂಬಿಕೆಯನ್ನು ಬಿಡಿ ಅಂತ ಯಾರೂ ಬಲವಂತ ಮಾಡುತ್ತಿಲ್ಲವಲ್ಲ!

ಇದು ಮುಖ್ಯವಾದ ಮಾತು, ಇಲ್ಲಿ ನಿಲ್ಲೋಣ. ಎದೆಯೊಳಗೆ ನಂಬಿಕೊಳ್ಳಿ, ಅಡ್ಡಿಯಿಲ್ಲ. ನಿಮ್ಮ ದೇವರು ಇರುವ ಬೆಟ್ಟ ಮಾತ್ರ ನಮ್ಮದು. ಕ್ರೈಸ್ತನ ದೇವರು ಯಾವ ಊರಿನ ಕಟ್ಟಡದಲ್ಲಾದರೂ ಸಿಗುತ್ತಾನೆ, ಪುಸ್ತಕದಲ್ಲಿ ಸಿಗುತ್ತಾನೆ, ಹಡಗು ಹತ್ತಿ ಸಮುದ್ರ ದಾಟಿಯೂ ಬರುತ್ತಾನೆ. ಆ ಬಗೆಯ ದೇವರ ಅಳತೆ ತೆಗೆದು ಹೊಲಿದ ಅಂಗಿ ಈ ಧರ್ಮಸ್ವಾತಂತ್ರ್ಯ. ಮೂಲನಿವಾಸಿಗಳ ದೇವರು ಇಂಥದೇ ಬಂಡೆ, ಇಂಥದೇ ಒರತೆ. ಅದನ್ನು ಎತ್ತಿ ಬೇರೆ ಕಡೆ ಇಡಲಾಗದು. ಡಕೋಟಾ ಪಾದ್ರಿಯೊಬ್ಬರ ಮಗನಾದ ವೈನ್ ಡೆಲೋರಿಯಾ 'ಗಾಡ್ ಈಸ್ ರೆಡ್' ಎಂಬ ಪುಸ್ತಕದಲ್ಲಿ ಇದನ್ನು 1973ರಲ್ಲೇ ವಾದಿಸಿದ್ದ: ಕ್ರೈಸ್ತರ ಧರ್ಮ ಕಾಲದ ಸುತ್ತ ಕಟ್ಟಿದ್ದು, ನಮ್ಮದು ಸ್ಥಳದ ಸುತ್ತ ಎಂದು. ಸ್ಥಳಕ್ಕೆ ಪಹಣಿ ಬೇಕು. ಪಹಣಿ ಯಾರ ಹೆಸರಿನಲ್ಲಿದೆ? ಅದೇ ಕ್ಯಾಲಿಫೋರ್ನಿಯಾದಲ್ಲಿ 1851-52ರಲ್ಲಿ ಸರ್ಕಾರ ಮೂಲನಿವಾಸಿಗಳಿಂದ 18 ಒಪ್ಪಂದಗಳಿಗೆ ಗುರುತು ಹಾಕಿಸಿಕೊಂಡಿತು. ಸೆನೆಟ್ಟು ಒಂದನ್ನೂ ಒಪ್ಪಲಿಲ್ಲ. ಒಪ್ಪಲಿಲ್ಲ ಎನ್ನುವುದನ್ನು ಹೇಳಲೂ ಇಲ್ಲ. 1905ರವರೆಗೆ ಗುಟ್ಟಾಗಿ ಕಟ್ಟಿಟ್ಟಿತು. ಕದ್ದ ಭೂಮಿಗೆ ಖಾತೆ ಮಾಡಿಸಿಕೊಂಡವನೇ ಕೋರ್ಟಿನಲ್ಲಿ ನಿಂತು 'ಭೂಮಿ ನನ್ನದು' ಎಂದಾಗ, ನ್ಯಾಯಾಧೀಶರು ಕಡತ ನೋಡಿ ತಲೆದೂಗಿದರು. (ಆ ರಸ್ತೆ ಕೊನೆಗೂ ಆಗಲಿಲ್ಲ. 1990ರಲ್ಲಿ ಸಂಸತ್ತು ತಡೆಯಿತು. ತೀರ್ಪು ಮಾತ್ರ ಹಾಗೇ ಉಳಿಯಿತು.)

ಅಂಗಿ ತಮ್ಮ ಮೈಗೆ ಹೊಂದುವುದಿಲ್ಲ ಎಂದು ಗೊತ್ತಾದಾಗ ಕೆಲವರು ಮೈಯನ್ನೇ ಅಂಗಿಗೆ ಹೊಂದಿಸಲು ನೋಡಿದರು. ಪೆಯೋಟೆ ಎಂಬ ಕಳ್ಳಿಯನ್ನು ಪ್ರಸಾದವಾಗಿ ಸೇವಿಸಿ, ಬೆಂಕಿಯ ಸುತ್ತ ರಾತ್ರಿಯಿಡೀ ಹಾಡುವ ಜನ 1918ರಲ್ಲಿ ಒಕ್ಲಹೋಮಾದಲ್ಲಿ ತಮ್ಮನ್ನು 'ನೇಟಿವ್ ಅಮೆರಿಕನ್ ಚರ್ಚ್' ಎಂದು ನೋಂದಾಯಿಸಿಕೊಂಡರು. ಚರ್ಚು ಎಂದರೆ ತಾನೇ ಕಾನೂನಿಗೆ ಅರ್ಥವಾಗುವುದು! ಮರುವರ್ಷ, 1919ರಲ್ಲಿ, ದೇಶಕ್ಕೆಲ್ಲ ಪಾನನಿಷೇಧ ಜಾರಿ ಮಾಡುವ ಕಾಯ್ದೆ ಬಂದಾಗ ಚರ್ಚಿನ ಪೂಜೆಯ ದ್ರಾಕ್ಷಾರಸಕ್ಕೆ ವಿನಾಯಿತಿ ಕೊಟ್ಟರು. ಆಲ್ಫ್ರೆಡ್ ಸ್ಮಿತ್ ಎಂಬ ಕ್ಲಾಮತ್ ಕುಲದ ಹಿರಿಯ, ತಾನೇ ಕುಡಿತದಿಂದ ಹೊರಬಂದು ಕುಡುಕರನ್ನು ಬಿಡಿಸುವ ಕೆಲಸ ಮಾಡುತ್ತಿದ್ದವನು, ಇದೇ ಚರ್ಚಿನಲ್ಲಿ ಪೆಯೋಟೆ ಸೇವಿಸಿದ್ದಕ್ಕೆ ಕೆಲಸ ಕಳೆದುಕೊಂಡ. ನಿರುದ್ಯೋಗ ಭತ್ಯೆಯನ್ನೂ ಕೊಡಲಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟಿತು. ಕಾನೂನು ಎಲ್ಲರಿಗೂ ಒಂದೇ ಆಗಿದ್ದರೆ ಸಾಕಂತೆ. ಸಣ್ಣ ಧರ್ಮದವರಿಗೆ ತೊಂದರೆಯಾದರೆ ಅದು ಪ್ರಜಾಪ್ರಭುತ್ವದಲ್ಲಿ ಅನಿವಾರ್ಯವಂತೆ. ಈ ತೀರ್ಪಿನಿಂದ ದೊಡ್ಡ ಚರ್ಚುಗಳೂ ಗಾಬರಿಯಾದವು. ಅವರೆಲ್ಲ ಕೂಗಿದ ಮೇಲೆ 1993ರಲ್ಲಿ ಧರ್ಮಸ್ವಾತಂತ್ರ್ಯ ಪುನಃಸ್ಥಾಪನೆಯ ಕಾಯ್ದೆ ಬಂತು. ಪೆಯೋಟೆಗೆ ರಕ್ಷಣೆ ಸಿಗಲು ಇನ್ನೂ ಒಂದು ವರ್ಷ ಕಾಯಬೇಕಾಯಿತು.

ಇಲ್ಲಿ ನಮ್ಮವರೇ ನಮ್ಮನ್ನು ತಡೆದು ಕೇಳಬಹುದು. ಏನ್ರಪ್ಪಾ, ನಮ್ಮ ಹಿರಿಯರು 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋಗಿ ಹೊಡೆಸಿಕೊಂಡರು, ಬಟ್ಟೆ ಬಿಚ್ಚಿಸಿಕೊಂಡರು. ಈಗ ನೀವು ಕಳ್ಳಿ ತಿನ್ನುವುದನ್ನೂ ಬೆಟ್ಟಕ್ಕೆ ಕೈಮುಗಿಯುವುದನ್ನೂ ಸಮರ್ಥಿಸುತ್ತೀರಾ? ಸರಿಯಾದ ಪ್ರಶ್ನೆ. ಇದನ್ನು ತೇಲಿಸಿ ಬಿಡಬಾರದು. ಚಂದ್ರಗುತ್ತಿಯಲ್ಲಿ ಬೆತ್ತಲಾಗುತ್ತಿದ್ದವರು ನಮ್ಮ ಅಕ್ಕತಂಗಿಯರು, ತಡೆಯಲು ಹೋದವರೂ ಅವರ ಅಣ್ಣತಮ್ಮಂದಿರೇ. ಕೆಳಗಿನವರ ಮೈಯನ್ನು ಮೇಲಿನವರ ಮುಂದೆ ಬಿಚ್ಚಿಸುವ ಭಕ್ತಿ ಅದು. ಅದನ್ನು ಒಳಗಿನವರು ಒಡೆದರು. ಸೂರ್ಯನೃತ್ಯವನ್ನು ನಿಲ್ಲಿಸಿದವರು ಒಳಗಿನವರೇ? ಅಲ್ಲ, ಅವರ ನೆಲ ಬೇಕಾಗಿದ್ದವರು. ಮೌಢ್ಯದ ವಿರುದ್ಧ ಜಗಳ ಮಾಡುವ ಹಕ್ಕು ಆ ಮೌಢ್ಯದ ಪೆಟ್ಟು ತಿಂದವರದ್ದು. ರೈಫಲ್ ಹಿಡಿದು ಬಂದ ವೈಚಾರಿಕತೆಯನ್ನು ನಾವು ವೈಚಾರಿಕತೆ ಅಂತ ಒಪ್ಪುವುದಿಲ್ಲ.

ನ್ಯಾಯ ಸಿಕ್ಕ ಪ್ರಸಂಗವೂ ಒಂದಿದೆ, ಅದನ್ನು ಮುಚ್ಚಿಡುವುದು ತರವಲ್ಲ. ಆಫ್ರಿಕಾದಿಂದ ಗುಲಾಮರಾಗಿ ಕ್ಯೂಬಾಕ್ಕೆ ಬಂದ ಯೊರುಬಾ ಜನ ಉಳಿಸಿಕೊಂಡ ಸಾಂತೇರಿಯಾ ಧರ್ಮದವರು ಫ್ಲೋರಿಡಾದ ಹಯಲೀಯಾ ಊರಿಗೆ ಬಂದು ಗುಡಿ ಕಟ್ಟಲು ಹೊರಟಾಗ, ಅಲ್ಲಿನ ಪುರಸಭೆ 1987ರಲ್ಲಿ ಅವಸರ ಅವಸರವಾಗಿ ಪ್ರಾಣಿಬಲಿ ನಿಷೇಧಿಸಿತು. ಕಸಾಯಿಖಾನೆಗೆ ಅಡ್ಡಿಯಿಲ್ಲ, ಬೇಟೆಗೆ ಅಡ್ಡಿಯಿಲ್ಲ, ದೇವರಿಗೆ ಕೋಳಿ ಕೊಯ್ದರೆ ಮಾತ್ರ ಕ್ರೌರ್ಯ. 1993ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಅದನ್ನು ಹೊಡೆದುಹಾಕಿದರು. ನಮ್ಮಲ್ಲೂ 1959ರಿಂದ ಪ್ರಾಣಿಬಲಿ ತಡೆ ಕಾಯ್ದೆ ಇದೆ. ಮಾರಮ್ಮನ ಮುಂದೆ ಕಡಿದ ಕುರಿ ಪಾಪ, ಹೋಟೆಲಿನ ಬಿರಿಯಾನಿ ಪುಣ್ಯ. ಆದರೆ ನೆನಪಿರಲಿ, ಹಯಲೀಯಾದಲ್ಲಿ ಗೆದ್ದದ್ದು ಕೋಳಿಯ ಪ್ರಶ್ನೆ. ಯಾರ ಭೂಮಿಯೂ ಅಲ್ಲಿ ಪಣಕ್ಕಿರಲಿಲ್ಲ.

ಭೂಮಿ ಪಣಕ್ಕಿದ್ದರೆ ಏನಾಗುತ್ತೆ ಎಂಬುದಕ್ಕೆ ಅರಿಜೋನಾದ ಓಕ್ ಫ್ಲಾಟ್ ನೋಡಿ. ಅಪಾಚೆ ಜನರ ಹೆಣ್ಣುಮಕ್ಕಳು ಮೈನೆರೆದಾಗ ಹಗಲುರಾತ್ರಿ ಕುಣಿದು ಹೆಂಗಸಾಗುವ ಜಾಗ ಅದು. ಓಕ್ ಮರದ ಕಾಯಿ ಆರಿಸಿ ತಂದು ತಿನ್ನುವ ಜಾಗ. 1955ರಲ್ಲಿ ಐಸೆನ್‌ಹೋವರ್ ಸರ್ಕಾರ ಅಲ್ಲಿ ಗಣಿಗಾರಿಕೆ ಕೂಡದೆಂದು ಬೇಲಿ ಹಾಕಿತ್ತು. ಆದರೆ ಅಡಿಯಲ್ಲಿ ತಾಮ್ರವಿದೆಯಲ್ಲ! 2014ರ ಡಿಸೆಂಬರಿನಲ್ಲಿ ರಕ್ಷಣಾ ವೆಚ್ಚದ ಮಸೂದೆಯ ಬಾಲಕ್ಕೆ ಒಂದು ಕಲಮು ಸೇರಿಸಿ, ಸುಮಾರು 2,400 ಎಕರೆಯನ್ನು ರಿಯೊ ಟಿಂಟೊ ಮತ್ತು ಬಿಎಚ್‌ಪಿ ಎಂಬ ದೈತ್ಯರ ಜಂಟಿ ಕಂಪನಿಗೆ ಕೊಡುವುದೆಂದು ಬರೆದರು. ಗಣಿ ನಡೆದರೆ ಆ ನೆಲ ಕುಸಿದು ಎರಡು ಮೈಲಿಯಷ್ಟು ಅಗಲದ ಹಳ್ಳವಾಗುತ್ತದೆ. ಅಪಾಚೆಗಳು ಕೋರ್ಟಿಗೆ ಹೋದರು. 2024ರಲ್ಲಿ ಮೇಲ್ಮನವಿ ಕೋರ್ಟಿನ ಹನ್ನೊಂದು ನ್ಯಾಯಾಧೀಶರಲ್ಲಿ ಆರು ಮಂದಿ ಅದೇ 1988ರ ರಸ್ತೆಯ ತೀರ್ಪನ್ನು ಮುಂದೆ ಹಿಡಿದು ಸರ್ಕಾರದ ಪರ ನಿಂತರು. 2025ರ ಮೇ 27ರಂದು ಸುಪ್ರೀಂ ಕೋರ್ಟು ಈ ಕೇಸನ್ನು ಕೈಗೆತ್ತಿಕೊಳ್ಳುವುದಿಲ್ಲ ಎಂದಿತು. ಗೊರ್ಸಚ್ ಎಂಬ ಒಬ್ಬ ನ್ಯಾಯಾಧೀಶ ಭಿನ್ನಮತ ಬರೆದು ಕೇಳಿದ: ಸರ್ಕಾರ ಒಂದು ಪುರಾತನ ಕೆಥೆಡ್ರಲನ್ನು ಕೆಡವಲು ಹೊರಟಿದ್ದರೆ ಈ ಕೋರ್ಟು ಹೀಗೆ ಸುಮ್ಮನೆ ಕೂರುತ್ತಿತ್ತೇ? ಆತ ಎಡಪಂಥೀಯನಲ್ಲ, ಟ್ರಂಪ್ ನೇಮಿಸಿದವನು. ಅವನಿಗೂ ಕಂಡದ್ದು ನಮ್ಮ ಸೆಮಿನಾರಿನ ಉದಾರವಾದಿಗಳಿಗೆ ಕಾಣುತ್ತಿಲ್ಲ.

ಇನ್ನೊಂದು ಎಚ್ಚರಿಕೆ. ಇದನ್ನು ಓದಿ, ನೋಡಿ ಕ್ರೈಸ್ತರು ಹೇಗೆ ಅಂತ ಬೀದಿಯಲ್ಲಿ ಭಾಷಣ ಬಿಗಿಯಲು ಯಾರಾದರೂ ಹೊರಟರೆ ನಾವು ಅವರ ಜೊತೆಗಿಲ್ಲ. ಮೂಲನಿವಾಸಿಗಳಲ್ಲೇ ಲಕ್ಷಾಂತರ ಕ್ರೈಸ್ತರಿದ್ದಾರೆ. 1988ರಲ್ಲಿ ರಸ್ತೆ ಹಾಕಲು ಹೊರಟದ್ದು ಏಸು ಅಲ್ಲ, ಮರದ ವ್ಯಾಪಾರ. ನಮ್ಮವರು ಯಾವ ಗುಡಿಗೆ ಹೋಗಬೇಕು, ಯಾವುದನ್ನು ಬಿಡಬೇಕು ಎಂಬುದನ್ನು 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ನಿಂತು ತೋರಿಸಿಕೊಟ್ಟಿದ್ದಾರೆ. ಕೇರಿಯ ಹುಡುಗ ಏಸುವನ್ನು ನಂಬಿದ ಕೂಡಲೇ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಅವನನ್ನು ತೆಗೆಯುವ 1950ರ ಆದೇಶ ಇಟ್ಟುಕೊಂಡವರಿಗೆ ಅಮೆರಿಕಾದ ಬಗ್ಗೆ ಮೂಗು ಮುರಿಯುವ ಯೋಗ್ಯತೆ ಇಲ್ಲ.

ನ್ಯೂ ಮೆಕ್ಸಿಕೋದ ತಾವೋಸ್ ಜನರ ನೀಲಿ ಕೆರೆಯನ್ನು 1906ರಲ್ಲಿ ಸರ್ಕಾರ ಅರಣ್ಯ ಎಂದು ಬರೆದುಕೊಂಡಿತು. ತಮ್ಮ ಕುಲ ಹುಟ್ಟಿದ್ದೇ ಆ ನೀರಿನಿಂದ ಎಂದು ನಂಬಿದವರು ಅವರು. ಪರಿಹಾರದ ದುಡ್ಡಿನ ಮಾತು ಬಂದಾಗ ಬೇಡ ಎಂದರು. ಕೆರೆ ಕೊಡಿ ಎಂದರು. ಅರವತ್ತನಾಲ್ಕು ವರ್ಷ ಅದೊಂದೇ ಮಾತು ಹೇಳಿದರು. 1970ರ ಡಿಸೆಂಬರಿನಲ್ಲಿ ನಿಕ್ಸನ್ ಸಹಿ ಹಾಕಿ 48,000 ಎಕರೆ ವಾಪಸು ಕೊಟ್ಟ. ಅಲ್ಲಿಗೆ ಈಗ ಹೊರಗಿನವರಿಗೆ ಪ್ರವೇಶವಿಲ್ಲ. ಪ್ರವೇಶವಿಲ್ಲ ಎಂಬ ಮಾತು ಕೇಳಿದರೆ ಮೈ ಉರಿಯುವವರು ನಾವು. ಮಹಾಡಿನ ಕೆರೆಯ ನೀರು ಮುಟ್ಟಲು 1927ರಲ್ಲಿ ತಲೆ ಒಡೆಸಿಕೊಂಡವರ ಸಂತತಿ. ಆದರೂ ಈ ಕೆರೆಯ ಬಾಗಿಲು ಮುಚ್ಚಿದ್ದು ನಮಗೆ ಯಾಕೋ ಸಮಾಧಾನ ತರುತ್ತದೆ. ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಅವರು ಬೆಟ್ಟ ಹತ್ತಿ ಹೋಗುತ್ತಾರೆ. ಅಲ್ಲಿ ಏನು ಮಾಡುತ್ತಾರೆ ಎಂದು ಯಾವ ಕೋರ್ಟಿಗೂ ಹೇಳಿಲ್ಲ.