ಗಡಿಯಾರವಿಲ್ಲದ ಘಂಟಾಘರ್



ದಿಲ್ಲಿಗೆ ಬಂದ ಹೊಸತರಲ್ಲಿ ನಾನು ಚಾಂದನೀ ಚೌಕದಲ್ಲಿ ಅಂಗಡಿಯೊಂದರ ವಿಳಾಸವನ್ನು ವಿಚಾರಿಸಿದಾಗ ದಾರಿಹೋಕರೊಬ್ಬರು, "ಘಂಟಾಘರದ ಬಳಿ" ಎಂದರು. ಮೈಸೂರಿನ ದೊಡ್ಡ ಗಡಿಯಾರವನ್ನು ಕಂಡು ಬೆಳೆದ ನಾನು ತಲೆಯೆತ್ತಿ ಗೋಪುರವನ್ನು ಹುಡುಕಿದೆನು; ಎಲ್ಲಿಯೂ ಕಾಣಲಿಲ್ಲ. ಅದು ಬಿದ್ದುಹೋಗಿ ದಶಕಗಳೇ ಕಳೆದಿದ್ದುವು; ಹೆಸರು ಮಾತ್ರ ಜನರ ನಾಲಗೆಯ ಮೇಲೆ ಉಳಿದಿತ್ತು.

ಷಹಜಹಾನನ ಮಗಳು ಜಹನಾರಾ ಬೇಗಮಳು 1650ರ ಸುಮಾರಿಗೆ ಈ ಪೇಟೆಯನ್ನು ನಿರ್ಮಿಸಿದಾಗ, ಬೀದಿಯ ನಡುವೆ ಕಾಲುವೆಯೂ ಎಂಟು ಮೂಲೆಯ ಕೊಳವೂ, ಉತ್ತರಕ್ಕೆ ಪ್ರವಾಸಿಗರ ಛತ್ರವೂ ಇದ್ದುವು. 1857ರ ಸಂಗ್ರಾಮದ ಬಳಿಕ ಆಂಗ್ಲರು ಛತ್ರದ ಸ್ಥಳದಲ್ಲಿ ಪುರಭವನವನ್ನೂ, ಸುಮಾರು 1870ರಲ್ಲಿ ಕೊಳದ ಸ್ಥಳದಲ್ಲಿ ಗಡಿಯಾರದ ಗೋಪುರವನ್ನೂ ಎಬ್ಬಿಸಿದರು. 1950ರ ದಶಕದ ಆದಿಯಲ್ಲಿ ಗೋಪುರದ ಒಂದು ಭಾಗ ಕುಸಿದು ಕೆಲವರು ಪ್ರಾಣ ತೆತ್ತರು, ಉಳಿದುದನ್ನು ಕೆಡವಲಾಯಿತು.

ಗೋಪುರವನ್ನು ಮರಳಿ ಕಟ್ಟಬೇಕೆನ್ನುವವರುಂಟು. ನನ್ನ ಅಭಿಪ್ರಾಯ ಬೇರೆ. ಹೋದುದಕ್ಕೆ ಮರುಗುವುದಕ್ಕಿಂತ ಇರುವುದನ್ನು ಕಾಪಾಡುವುದು ಮೇಲು. 1860ರಿಂದ 65ರ ಅವಧಿಯಲ್ಲಿ ಎದ್ದ ಪುರಭವನವು ಹಳದಿ ಬಣ್ಣದ ಇಟ್ಟಿಗೆಯ ಗೋಡೆ, ಕೆತ್ತನೆಯ ಕಲ್ಲಿನ ಅಂಚು, ಸಾಲುಗಮಾನುಗಳೊಡನೆ ಇನ್ನೂ ನಿಂತಿದೆ. ಆದರೆ 2010ರ ಸುಮಾರಿಗೆ ನಗರಪಾಲಿಕೆಯು ಹೊಸ ಕಟ್ಟಡಕ್ಕೆ ತೆರಳಿದ ಮೇಲೆ ಅದರ ಕೋಣೆಗಳು ಬರಿದಾದುವು. ಅದನ್ನು ಹೋಟೆಲಾಗಿಸುವ ಆಲೋಚನೆಯೂ ಒಮ್ಮೆ ಕೇಳಿಬಂದಿತ್ತು.

"ಆಂಗ್ಲರ ಗುರುತನ್ನು ನಾವೇಕೆ ಉಳಿಸಬೇಕು?" ಎಂದು ನಿಮ್ಮಲ್ಲೊಬ್ಬರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಕಟ್ಟಿಸಿದವರದಷ್ಟೇ ಅಲ್ಲ, ಅದರ ಮುಂದೆ ಎದೆಯೊಡ್ಡಿ ನಿಂತವರದೂ ಆ ಸ್ಥಳವಲ್ಲವೇ? 1919ನೆಯ ಮಾರ್ಚ್ 30ರಂದು ರೌಲತ್ ಶಾಸನವನ್ನು ವಿರೋಧಿಸಿದ ಜನರೊಡನೆ ನಡೆದ ಸ್ವಾಮಿ ಶ್ರದ್ಧಾನಂದರು, ಇದೇ ಘಂಟಾಘರದ ಬಳಿ ಸೈನಿಕರ ಬಂದೂಕುಗಳಿಗೆ ಎದೆಯೊಡ್ಡಿದರು. ಹಿಂದೆ ವಿಕ್ಟೋರಿಯಾ ರಾಣಿಯ ಪ್ರತಿಮೆಯಿದ್ದ ಪುರಭವನದ ಮುಂದೆ ಇಂದು ಅವರ ಪ್ರತಿಮೆಯಿದೆ. ಗೋಡೆಗಳು ಅವೇ, ಒಡೆಯರು ಬದಲಾದರು.

ಆ ಭವನವನ್ನು ಯೋಜಿಸಿದಾಗ ಅದರಲ್ಲಿ ವಸ್ತುಸಂಗ್ರಹಾಲಯವೂ ಸಾಹಿತ್ಯಸಂಘವೂ ಇರಬೇಕೆಂಬ ಉದ್ದೇಶವಿದ್ದಿತು. ಆದಕಾರಣ ಅದು ಹಣವುಳ್ಳವರ ವಸತಿಯಾಗದೆ, ಸಕಲರಿಗೂ ಬಾಗಿಲು ತೆರೆದ ವಾಚನಾಲಯವೂ ವಸ್ತುಸಂಗ್ರಹಾಲಯವೂ ಆಗಲಿ. ಈ ದಿಲ್ಲಿಯ ಎಲ್ಲ ಭಾಷೆಗಳ ಗ್ರಂಥಗಳೂ ಅಲ್ಲಿರಲಿ. ಕನ್ನಡಕ್ಕೂ ಒಂದು ಕಪಾಟು ದೊರೆಯಲಿ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ನಿರ್ಮಿತವಾದ, ಕನ್ನಡದ ಅಂಕಿಗಳನ್ನು ಧರಿಸಿರುವ ಮೈಸೂರಿನ ದೊಡ್ಡ ಗಡಿಯಾರದಲ್ಲಿಯೂ ಬಿರುಕು ಕಾಣಿಸಿಕೊಂಡಿತ್ತು. ಬೀಳುವ ಮುನ್ನವೇ ಅದರ ದುರಸ್ತಿಗೆ ಕೈಹಾಕಿದರು. ದಿಲ್ಲಿಯ ಗೋಪುರಕ್ಕೆ ಆ ಭಾಗ್ಯವೊದಗಲಿಲ್ಲ.

ನೀವು ಹುಟ್ಟಿ ಬೆಳೆಯುತ್ತಿರುವ ಊರು ದಿಲ್ಲಿ. ಇದರ ಹಿರಿಮೆ ನಿಮ್ಮದೂ ಹೌದು. ಮುಂದಿನ ರಜೆಯಲ್ಲಿ ತಂದೆತಾಯಿಯರೊಡನೆ ಅಲ್ಲಿಗೆ ಹೋಗಿ, ಒಂದು ಗಳಿಗೆ ತಲೆಯೆತ್ತಿ ನೋಡಿರಿ. ನೋಡುವ ಕಣ್ಣುಗಳಿರುವ ಕಟ್ಟಡ ಬೇಗನೆ ಬೀಳದು.