ಹೊಳೆಯ ಮೆಟ್ಟಿಲಲ್ಲಿ ಕ್ಯಾಲ್ಕುಲಸ್

ನಿಮ್ಮ ಮಗಳು ಬಿ.ಎಸ್ಸಿ. ಓದುತ್ತಿದ್ದರೆ ಈ ಮಾತು ನಿಮ್ಮ ಮನೆಯಲ್ಲೂ ಕೇಳಿಬಂದಿರಬಹುದು: "ಉಮ್ಮಾ, ಭಾನುವಾರ ಪ್ರಾಜೆಕ್ಟ್ ಉಂಟು. ಗೆಳತಿಯರ ಜೊತೆ ಹೋಗಬೇಕು." ಸಸ್ಯಶಾಸ್ತ್ರದ ಪ್ರಾಜೆಕ್ಟ್ ಎಂದರೆ ನಾವು ನಂಬುತ್ತೇವೆ. ಎಲೆ, ಹೂವು ಹುಡುಕಲು ಹೊರಗೆ ಹೋಗಲೇಬೇಕಲ್ಲ. ಗಣಿತದ್ದು ಎಂದರೆ ಮಾತ್ರ ಅನುಮಾನ ಬರುತ್ತದೆ. ಲೆಕ್ಕ ಮಾಡಲು ಒಂದು ಪುಸ್ತಕ, ಒಂದು ಪೆನ್ನು, ಮನೆಯ ಒಂದು ಮೂಲೆ ಸಾಲದೇ?

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಇದನ್ನೇ ಕೇಳಲು ಕಾಲೇಜಿಗೆ ಬಂದಿದ್ದರು. "ಎಂತಾ ಮೇಡಂ, ಲೆಕ್ಕ ಕಲೂಕೆ ಹೊಳಿ ಬದಿಗೆ ಹೋಯ್ಕಾ?" ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಆತಂಕವಿತ್ತು. ಪ್ರಶ್ನೆ ನ್ಯಾಯವಾದದ್ದೇ. ಆ ದಿನ ಅವರಿಗೆ ಹೇಳಿದ್ದನ್ನು ಇಂದು ನಿಮಗೂ ಹೇಳುತ್ತೇನೆ.

ಪದವಿಯ ಮೊದಲ ವರ್ಷದ ಗಣಿತದಲ್ಲಿ ಮಕ್ಕಳನ್ನು ಹೆಚ್ಚು ಹೆದರಿಸುವುದು ಕ್ಯಾಲ್ಕುಲಸ್, ಅಂದರೆ ಕಲನಶಾಸ್ತ್ರ. ಪಿಯುಸಿಯಲ್ಲಿ ಅದರ ಸೂತ್ರಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತಂದಿರುತ್ತಾರೆ. ಆದರೆ "ಇದು ಏನನ್ನು ಅಳೆಯುತ್ತದೆ?" ಎಂದು ಕೇಳಿದರೆ ಇಡೀ ತರಗತಿ ಮೌನ. ಉತ್ತರ ಕಷ್ಟದ್ದಲ್ಲ. ಒಂದು ವಸ್ತು ಎಷ್ಟು ಬೇಗ ಬದಲಾಗುತ್ತಿದೆ ಎಂದು ಹೇಳುವುದು ಅವಕಲನ. ಸಣ್ಣ ಸಣ್ಣ ಚೂರುಗಳನ್ನು ಕೂಡಿಸಿ ಇಡಿಯನ್ನು ಪಡೆಯುವುದು ಅನುಕಲನ. ಹೇಳಿದರೆ ಎರಡು ವಾಕ್ಯ. ಕೈಯಾರೆ ಮಾಡಿ ನೋಡದಿದ್ದರೆ ಎರಡೂ ತಲೆಗೆ ಹೋಗುವುದಿಲ್ಲ.

ಹೊಳೆಯ ಬದಿಗೆ ಹೋಗಬೇಕಾದದ್ದು ಇದಕ್ಕೇ. ಗಂಗೊಳ್ಳಿಯ ಬಳಿ ಐದು ನದಿಗಳು ಸೇರಿ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುತ್ತವೆ. ಅಲ್ಲಿಯ ಹಿನ್ನೀರಿನಲ್ಲಿ ಉಬ್ಬರ ಇಳಿತ ದಿನಕ್ಕೆ ಎರಡು ಬಾರಿ. ನಾಲ್ವರು ಹುಡುಗಿಯರ ಒಂದು ಗುಂಪಿಗೆ ನಾನು ಕೊಟ್ಟ ಪ್ರಶ್ನೆ ಒಂದೇ ಸಾಲಿನದು: ನೀರು ಅತ್ಯಂತ ವೇಗವಾಗಿ ಏರುವುದು ಯಾವಾಗ? ಒಂದು ಕೋಲಿಗೆ ಸೆಂಟಿಮೀಟರ್ ಗುರುತು ಹಾಕಿ ನೀರಿನಲ್ಲಿ ನೆಡಬೇಕು, ಅರ್ಧ ಗಂಟೆಗೊಮ್ಮೆ ಓದಿ ಬರೆದುಕೊಳ್ಳಬೇಕು, ನಕ್ಷೆ ಬಿಡಿಸಬೇಕು. ಇಳಿತದಿಂದ ಉಬ್ಬರಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಒಬ್ಬಳಿಂದ ಆಗುವ ಕೆಲಸವಲ್ಲ.

ಹೆಚ್ಚಿನವರು ಹೇಳುವ ಉತ್ತರ, "ತುಂಬಿ ಬಂದಾಗ ವೇಗ ಹೆಚ್ಚು." ಕೋಲು ಬೇರೆಯೇ ಹೇಳುತ್ತದೆ. ಒಂದು ಉಬ್ಬರದಲ್ಲಿ ನೀರು 120 ಸೆಂ.ಮೀ. ಏರುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಗಂಟೆಯಲ್ಲಿ ಏರುವುದು ಸುಮಾರು 10, ಎರಡನೆಯದರಲ್ಲಿ 20, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ 30ರಂತೆ, ಮತ್ತೆ 20, ಕೊನೆಗೆ 10. ಹಡಗಿನವರು ಬಹಳ ಹಿಂದಿನಿಂದ ಬಳಸುವ ಅಂದಾಜು ಇದು. ವೇಗ ಇರುವುದು ನಡುವಿನಲ್ಲಿ. ನೀರು ಪೂರ್ತಿ ತುಂಬಿದ ಕ್ಷಣದಲ್ಲಿ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬದಲಾವಣೆಯ ದರ ಸೊನ್ನೆ. ಪಠ್ಯಪುಸ್ತಕದಲ್ಲಿ "ಗರಿಷ್ಠ ಬಿಂದುವಿನಲ್ಲಿ ಅವಕಲನ ಸೊನ್ನೆ" ಎಂದು ಬರೆದಿರುವುದು ಇದೇ. ಆ ಸಾಲನ್ನು ಅವಳು ಹತ್ತು ಸಲ ಓದಿದ್ದಳು. ನೀರು ನಿಂತದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಎಲ್ಲ ಪ್ರಾಜೆಕ್ಟ್‌ಗೂ ಹೊಳೆ ಬೇಕಾಗಿಲ್ಲ. ಬ್ರಹ್ಮಾವರ ಕಡೆಯಿಂದ ಬರುವ ಇನ್ನೊಂದು ಗುಂಪು ಅಡುಗೆಮನೆಯಲ್ಲೇ ಮುಗಿಸಿತು. ಸೌತೆಕಾಯಿಯೊಂದರ ಗಾತ್ರ ಎಷ್ಟು? ಮೊದಲು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ ಚೆಲ್ಲಿದ ನೀರನ್ನು ಅಳೆಯಬೇಕು (ಕಾಯಿ ತೇಲುತ್ತದೆ, ಬೆರಳಿನಿಂದ ಒತ್ತಿ ಹಿಡಿಯಬೇಕು). ಆಮೇಲೆ ಒಂದೇ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಪ್ರತಿ ಬಿಲ್ಲೆಯ ಗಾತ್ರ ಲೆಕ್ಕ ಹಾಕಿ ಕೂಡಿಸಬೇಕು. 5 ಸೆಂ.ಮೀ. ತ್ರಿಜ್ಯದ, 1 ಸೆಂ.ಮೀ. ದಪ್ಪದ ಬಿಲ್ಲೆ ಎಂದರೆ ಸುಮಾರು 78.5 ಘನ ಸೆಂ.ಮೀ. ಬಿಲ್ಲೆಗಳು ದಪ್ಪವಾದರೆ ಲೆಕ್ಕ ಚೆಲ್ಲಿದ ನೀರಿಗೆ ಹೊಂದುವುದಿಲ್ಲ, ತೆಳುವಾದಂತೆ ಹತ್ತಿರ ಬರುತ್ತದೆ. ಅನುಕಲನ ಎಂದರೆ ಇಷ್ಟೇ. ಲೆಕ್ಕ ಮುಗಿದ ಮೇಲೆ ಸೌತೆಕಾಯಿ ಸಾಂಬಾರಿಗೆ ಹೋಯಿತು.

ತೆಳು ಬಿಲ್ಲೆಗಳ ಈ ಉಪಾಯ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ಕೈರೋದಲ್ಲಿದ್ದ ಇಬ್ನುಲ್ ಹೈಸಮ್ ಗುಮ್ಮಟದಂತಹ ಆಕೃತಿಯೊಂದರ ಗಾತ್ರವನ್ನು ಇದೇ ರೀತಿ ಚೂರು ಚೂರಾಗಿ ಕೂಡಿಸಿ ಕಂಡುಹಿಡಿದಿದ್ದರು. ಹದಿನಾಲ್ಕನೇ ಶತಮಾನದಲ್ಲಿ ಕೇರಳದ ಮಾಧವ ಕೊನೆಯಿಲ್ಲದ ಸಂಖ್ಯೆಗಳ ಸಾಲನ್ನು ಕೂಡಿಸುವ ದಾರಿ ತೋರಿಸಿದರು. ನ್ಯೂಟನ್ ಮತ್ತು ಲೈಬ್ನಿಝ್ ಇದಕ್ಕೆಲ್ಲ ಒಂದು ಶಾಸ್ತ್ರದ ರೂಪ ಕೊಟ್ಟದ್ದು ಹದಿನೇಳನೇ ಶತಮಾನದಲ್ಲಿ.

ಸರಿ, ಮನೆಯಲ್ಲೇ ಆಗುವುದಾದರೆ ಗುಂಪು ಯಾಕೆ ಎಂದು ನೀವು ಕೇಳಬಹುದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ 1970ರ ದಶಕದಲ್ಲಿ ಉರಿ ಟ್ರೈಸ್‌ಮನ್ ಎಂಬವರಿಗೆ ಒಂದು ಪ್ರಶ್ನೆ ಎದುರಾಯಿತು. ಅಲ್ಲಿ ಕರಿಯ ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಹೆಚ್ಚಾಗಿ ಸೋಲುತ್ತಿದ್ದರು, ಚೀನಿ ಮೂಲದವರು ಚೆನ್ನಾಗಿ ಮಾಡುತ್ತಿದ್ದರು. ಅವರಿಗೆ ಆಸಕ್ತಿಯಿಲ್ಲ, ಮನೆಯವರ ಬೆಂಬಲವಿಲ್ಲ ಎಂದು ಅಧ್ಯಾಪಕರು ಊಹಿಸಿದ್ದರು. ಟ್ರೈಸ್‌ಮನ್ ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳ ಹಿಂದೆಯೇ ಓಡಾಡಿ ನೋಡಿದರು. ಊಹೆ ಸುಳ್ಳಾಗಿತ್ತು. ಸೋಲುತ್ತಿದ್ದವರು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಬಹುತೇಕ ಎಲ್ಲರೂ ಒಬ್ಬೊಬ್ಬರಾಗಿ. ಗೆಲ್ಲುತ್ತಿದ್ದವರು ಒಟ್ಟಿಗೆ ಕುಳಿತು ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದುತ್ತಿದ್ದರು. ಎಡವಿದ್ದು ತನ್ನ ದಡ್ಡತನವೋ ಅಥವಾ ಲೆಕ್ಕವೇ ಕಠಿಣವೋ ಎಂಬುದು ಒಬ್ಬನೇ ಓದುವವನಿಗೆ ತಿಳಿಯುವುದೇ ಇಲ್ಲ. ಟ್ರೈಸ್‌ಮನ್ ಕಠಿಣ ಲೆಕ್ಕಗಳನ್ನು ಕೊಟ್ಟು ಒಟ್ಟಿಗೆ ಕೂರಿಸಿದಾಗ ಫಲಿತಾಂಶ ಬದಲಾಯಿತು. ಅದೇ ದೇಶದ ನ್ಯೂ ಮೆಕ್ಸಿಕೋ ರಾಜ್ಯದ ಅಧ್ಯಾಪಕರು ಕ್ಯಾಲ್ಕುಲಸ್ ಪ್ರಾಜೆಕ್ಟ್‌ಗಳನ್ನೇ ಒಟ್ಟುಗೂಡಿಸಿ 1991ರಲ್ಲಿ ಪುಸ್ತಕವಾಗಿ ತಂದರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬಸ್ಸುಗಳು. ಕಾಲೇಜುಗಳಿಗೆ ಈಗ ಕೊರತೆಯಿಲ್ಲ. ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು ಆರಂಭವಾದದ್ದು 1963ರಲ್ಲಿ. ಈಗ ಬೈಂದೂರಿನಲ್ಲಿ ಸರಕಾರಿ ಕಾಲೇಜಿದೆ, ಬ್ರಹ್ಮಾವರದಲ್ಲಿ ಕ್ರಾಸ್‌ಲ್ಯಾಂಡ್ ಇದೆ. ಆದರೆ ಕೊನೆಯ ಬೆಲ್ ಆದ ಕೂಡಲೇ ನಮ್ಮ ಹುಡುಗಿಯರು ಶಿರೂರು ಕಡೆಯ, ಗಂಗೊಳ್ಳಿ ಕಡೆಯ ಬಸ್ಸಿಗೆ ಓಡುತ್ತಾರೆ. ಹುಡುಗರು ನಿಂತು ಮಾತನಾಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಎಷ್ಟೋ ಲೆಕ್ಕ ಬಿಡಿಸಿಕೊಳ್ಳುತ್ತದೆ. ನಮ್ಮ ಹುಡುಗಿಗೆ ಸಿಗುವುದು ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಬ್ಬಳೇ ಕೂರುವ ಮೂಲೆ. ಅಂಕ ಕಡಿಮೆಯಾದಾಗ "ಗಣಿತ ಅವಳಿಗೆ ಹತ್ತುವುದಿಲ್ಲ" ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ.

ಗುಂಪು ಎಂದರೆ ಎಲ್ಲವೂ ಸರಿ ಎಂದು ನಾನು ಹೇಳಲಾರೆ. ಒಬ್ಬರು ದುಡಿದು ನಾಲ್ವರು ಹೆಸರು ಹಾಕಿಸಿಕೊಳ್ಳುವುದುಂಟು. ಹಿಂದಿನ ವರ್ಷದ ವರದಿಗೆ ಹೊಸ ಸ್ಪೈರಲ್ ಬೈಂಡಿಂಗ್ ಹಾಕಿ ತರುವುದೂ ಉಂಟು. ಅದಕ್ಕೇ ನಾನು ಯಾರನ್ನು ಬೇಕಾದರೂ ಎಬ್ಬಿಸಿ, ವರದಿಯ ಯಾವ ಪುಟವನ್ನಾದರೂ ಬೋರ್ಡಿನ ಮೇಲೆ ವಿವರಿಸಲು ಹೇಳುತ್ತೇನೆ. ಇನ್ನೊಂದು ಸಂಗತಿ ನನಗೆ ತಡವಾಗಿ ಕಂಡಿತು. ಹುಡುಗರೂ ಹುಡುಗಿಯರೂ ಇರುವ ಗುಂಪಿನಲ್ಲಿ ಅಳೆಯುವುದು, ಲೆಕ್ಕ ಹಾಕುವುದು ಹುಡುಗರ ಪಾಲಿಗೆ. "ನಿನ್ನ ಅಕ್ಷರ ಚೆಂದ" ಎಂದು ವರದಿ ಬರೆಯುವುದು ಹುಡುಗಿಯ ಪಾಲಿಗೆ. ಎರಡು ವಾರ ದುಡಿದು ಅವಳು ಕಲಿತದ್ದು ಅಂಚು ಬಿಟ್ಟು ಬರೆಯುವುದನ್ನು. ನಿಮ್ಮ ಮಗಳು ಪ್ರಾಜೆಕ್ಟ್ ಮುಗಿಸಿ ಬಂದಾಗ ಎಷ್ಟು ಅಂಕ ಎಂದು ಕೇಳುವ ಮೊದಲು, "ನೀನು ಏನು ಅಳೆದೆ?" ಎಂದು ಕೇಳಿ ನೋಡಿ.

ನೀವೂ ಒಂದು ಲೆಕ್ಕ ಮಾಡಬಹುದು. ಹಬ್ಬಕ್ಕೆ ಸಿಹಿ ಹಂಚಲು ಡಬ್ಬಿ ಬೇಕು. 30 ಸೆಂ.ಮೀ. ಚೌಕದ ರಟ್ಟಿನ ನಾಲ್ಕು ಮೂಲೆಗಳಲ್ಲಿ ಚೌಕಗಳನ್ನು ಕತ್ತರಿಸಿ, ಬದಿಗಳನ್ನು ಮಡಚಿದರೆ ಮುಚ್ಚಳವಿಲ್ಲದ ಡಬ್ಬಿ. ಎಷ್ಟು ಕತ್ತರಿಸಿದರೆ ಹೆಚ್ಚು ಸಿಹಿ ಹಿಡಿಸುತ್ತದೆ? 4 ಸೆಂ.ಮೀ. ಕತ್ತರಿಸಿದರೆ 1936 ಘನ ಸೆಂ.ಮೀ., 6 ಆದರೆ 1944, 5 ಆದರೆ 2000. ಇನ್ನೂ ಹೆಚ್ಚು ಆಗಬಹುದೇ? ಆಗದು. ಯಾಕೆ ಆಗದು ಎಂಬುದನ್ನು ಮಗಳು ಹೇಳಲಿ. ಉಬ್ಬರ ತುಂಬಿ ನಿಂತ ಕ್ಷಣದ ಮಾತೇ ಇಲ್ಲಿಯೂ.

ಆ ತಾಯಿ ಅಂದು ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ, "ದಕ್ಕೆಗೆ ಬೇಡ ಮೇಡಂ. ನಮ್ಮ ತೋಟದ ಹಿಂದೆಯೇ ಹೊಳೆಗೆ ಮೆಟ್ಟಿಲು ಉಂಟು. ನಾಲ್ವರೂ ನಮ್ಮಲ್ಲಿಗೇ ಬರಲಿ" ಎಂದರು. ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನ ದಾಟುವವರೆಗೆ ನಾಲ್ವರೂ ಅಲ್ಲಿದ್ದರು. ಅರ್ಧ ಗಂಟೆಗೊಮ್ಮೆ ಒಬ್ಬೊಬ್ಬಳ ಸರದಿ. ನಡುವೆ ಇಬ್ಬರು ಊಟಕ್ಕೆ ಕುಳಿತಾಗ ಹನ್ನೊಂದೂವರೆಯ ಗುರುತನ್ನು ಓದಿ ಬರೆದದ್ದು ಆ ತಾಯಿಯೇ. ವರದಿಯಲ್ಲಿ ಅವರ ಕೈಬರಹದ ಅಂಕಿಯನ್ನು ಹುಡುಗಿಯರು ತಿದ್ದಿ ಬರೆಯದೆ ಹಾಗೆಯೇ ಉಳಿಸಿದ್ದರು.

ಕೆಂಪು ಗುರುತಿನ ಆ ಕೋಲು ಈಗಲೂ ಅವರ ಬಾವಿಕಟ್ಟೆಗೆ ಒರಗಿಕೊಂಡಿದೆಯಂತೆ. ಏಳನೇ ತರಗತಿಯ ತಮ್ಮ ಮಳೆಗಾಲದಲ್ಲಿ ಅದನ್ನು ಬಾವಿಗೆ ಇಳಿಬಿಟ್ಟು ನೀರು ದಿನಕ್ಕೆಷ್ಟು ಏರಿತೆಂದು ಗೋಡೆಯ ಮೇಲೆ ಬರೆದಿಡುತ್ತಾನೆ. ಗೋಡೆ ಹಾಳಾಯಿತೆಂದು ತಾಯಿ ಫೋನಿನಲ್ಲಿ ದೂರಿದರು, ನಗುತ್ತಲೇ.